ಕರಿ ಕಾಚು, ಬಿಳಿ ಕಾಚು: ಎರಡೂ ಡಬ್ಬಿಯ ಮೇಲೆ ಒಂದೇ ಹೆಸರು, ಯಾರಿಗೆ ಯಾವುದು ಕೊಡಲಿ?

ಗ್ರಂಧಿಗೆ ಅಂಗಡಿ, ಉಡುಪಿ

ಎಲ್ಲರಿಗೂ ನಮಸ್ಕಾರ. ರಥಬೀದಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಗ್ರಂಧಿಗೆ ಅಂಗಡಿ ಉಂಟು. ಅಜ್ಜ ಇಟ್ಟದ್ದು, ಅಪ್ಪ ನಡೆಸಿದ್ದು, ನಾಲ್ಕು ವರ್ಷದಿಂದ ನನ್ನ ತಲೆಗೆ ಬಂದದ್ದು. ನಾನು ಓದಿದ್ದು ಬಿಕಾಂ. ಅಳಲೆಕಾಯಿ ಯಾವುದು, ತಾರೆಕಾಯಿ ಯಾವುದು ಅಂತ ಅಪ್ಪನ ಡಬ್ಬಿಗಳ ಮೇಲಿನ ಚೀಟಿ ಓದಿಯೇ ಕಲಿತೆ. ಚೀಟಿ ಇಲ್ಲದ ಡಬ್ಬಿ ಬಂದರೆ ಇವತ್ತಿಗೂ ಕೈ ನಡುಗುತ್ತದೆ.

ಈಗ ವಿಷಯ ಕಾಚಿನದ್ದು, ಬೀಡಾಕ್ಕೆ ಹಾಕುವ ಒಗರು ಸಾಮಾನು. ಅಪ್ಪ ಎರಡು ಡಬ್ಬಿ ಇಟ್ಟಿದ್ದರು. ಒಂದರಲ್ಲಿ ಕಪ್ಪು ಗಟ್ಟಿ, ಒಡೆದರೆ ಒಳಗೆ ಹೊಳಪು, ಹಳೇ ಬೆಲ್ಲದ ಹಾಗೆ. ಇನ್ನೊಂದರಲ್ಲಿ ಇಟ್ಟಿಗೆ ಬಣ್ಣದ ಚಪ್ಪಟೆ ತುಂಡು, ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಮನೆಯಲ್ಲಿ ನಾವು ಕರಿ ಕಾಚು, ಬಿಳಿ ಕಾಚು ಅನ್ನುತ್ತೇವೆ. ಬಿಳಿ ಅಂದರೆ ಬಿಳಿ ಅಲ್ಲ, ಕರಿಯದಕ್ಕಿಂತ ಬಿಳಿ, ಅಷ್ಟೆ. ಅಪ್ಪನ ಚೀಟಿಯಲ್ಲಿ ಎರಡರ ಮೇಲೂ ಬರೀ "ಕಾಚು". ಕ್ರಯ ಮಾತ್ರ ಭಾರಿ ವ್ಯತ್ಯಾಸ. ಬಿಳಿಯದು ಜಾಸ್ತಿ.

ನಮ್ಮ ಮನೆಯಲ್ಲಿ ತಾಂಬೂಲ ಅಂದರೆ ಎಲೆ, ಅಡಿಕೆ, ಸುಣ್ಣ. ಅಜ್ಜಿಗೆ ಹೊಗೆಸೊಪ್ಪು. ಕಾಚು ಯಾರೂ ಹಾಕುತ್ತಿರಲಿಲ್ಲ, ಅದು ಬೀಡಾ ಅಂಗಡಿಯವರ ಸಾಮಾನು. ಹಾಗಾಗಿ ಇದರ ಬಗ್ಗೆ ನನಗೆ ಮನೆಯ ತಿಳಿವಳಿಕೆಯೂ ಇಲ್ಲ. ಅಂಗಡಿಗೆ ಬರುವವರು ಮಾತ್ರ ತರತರದವರು. ಬೀಡಾದವರು ಬಿಳಿಯದನ್ನೇ ಕೇಳುತ್ತಾರೆ. ಬಾಯಿ ಹುಣ್ಣು, ವಸಡಿನಲ್ಲಿ ರಕ್ತ ಅಂತ ಬರುವ ಅಮ್ಮಂದಿರು ಯಾವುದಾದರೂ ಒಂದು ಕೊಡಿ ಅನ್ನುತ್ತಾರೆ. ಮಳೆಗಾಲದಲ್ಲಿ ಹೊಟ್ಟೆ ಕೆಟ್ಟವರೂ ಬರುತ್ತಾರೆ. ಮೊನ್ನೆ ಒಬ್ಬ ಹುಡುಗಿ ಬಂದು, ಬಟ್ಟೆಗೆ ಬಣ್ಣ ಹಾಕಲಿಕ್ಕೆ ಐದು ಕಿಲೋ ಕರಿ ಕಾಚು ಬೇಕು ಅಂದಳು. ಅಪ್ಪನ ಕಾಲದಲ್ಲಿ ಐದು ಕಿಲೋ ಮುಗಿಯಲಿಕ್ಕೆ ಎರಡು ವರ್ಷ ಬೇಕಿತ್ತು!

ಇಷ್ಟು ದೊಡ್ಡ ಆರ್ಡರ್ ಅಂತ ಮಂಗಳೂರು ಬಂದರಿನ ಸಗಟು ಅಂಗಡಿಯಿಂದ ಎರಡೂ ತರಿಸಿದೆ. ಕಲಬೆರಕೆ ಉಂಟಾ ನೋಡೋಣ ಅಂತ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿದೆ. ಎರಡು ಗ್ಲಾಸ್ ತಣ್ಣೀರು, ಒಂದೊಂದರಲ್ಲಿ ಒಂದೊಂದು ಚಮಚ ಪುಡಿ. ಕರಿಯದು ಚೆನ್ನಾಗಿ ಬಣ್ಣ ಬಿಟ್ಟಿತು. ಬಿಳಿಯದು ಅರ್ಧಕ್ಕರ್ಧ ತಳದಲ್ಲೇ ಕೂತಿತು. ಮಣ್ಣು ಬೆರೆಸಿದ್ದಾರೆ ಅಂತ ತೀರ್ಮಾನಿಸಿ, ಸಗಟಿನವರಿಗೆ ಫೋನ್ ಹಚ್ಚಿ ಬೈದೆ. ಅವರೂ ಬೈದರು. ಆಮೇಲೆ ಬಿಳಿಯದನ್ನೇ ಕಬ್ಬಿಣದ ಬಾಣಲೆಯಲ್ಲಿ ಹಾಕಿ ಕುದಿಸಿದೆ. ಶಾಯಿಯ ಹಾಗೆ ಕಪ್ಪಾಯಿತು! ಮಣ್ಣು ಮಾತ್ರ ಅಲ್ಲ, ಬಣ್ಣವೂ ಹಾಕಿದ್ದಾರೆ ಅಂತ ಸಿಟ್ಟು ಡಬಲ್ ಆಯಿತು. ಬಾಣಲೆ ನೋಡಿ ಹೆಂಡತಿಗೆ ಬಂದ ಸಿಟ್ಟಿನ ಲೆಕ್ಕ ಬೇರೆ.

ಇನ್ನೊಂದು ಮಾತು. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಅಪ್ಪ ಇದ್ದಾಗ ಒಬ್ಬರು ರಿಕ್ಷಾ ಡ್ರೈವರ್ ಬರುತ್ತಿದ್ದರು. ಕೆನ್ನೆಯ ಒಳಗೆ ಹುಣ್ಣು, ಕಾಚು ಕೊಡಿ ಅನ್ನುತ್ತಿದ್ದರು. ಅಪ್ಪ ಜೇನಿನಲ್ಲಿ ಕಲಸಿ ಹಚ್ಚಲು ಹೇಳಿ ಕೊಡುತ್ತಿದ್ದರು. ಆ ಮನುಷ್ಯ ಆರೇಳು ತಿಂಗಳು ಬಂದರು. ಎಲೆ ಅಡಿಕೆ ಬಾಯಲ್ಲಿ ಇಟ್ಟುಕೊಂಡೇ ಬರುತ್ತಿದ್ದರು. ಒಂದು ದಿನ ಬರುವುದು ನಿಂತಿತು. ಅದು ಕ್ಯಾನ್ಸರ್ ಅಂತ ಆಮೇಲೆ ಗೊತ್ತಾಯಿತು. ಅಪ್ಪನಿಗೆ ಕೊನೆಯವರೆಗೂ ಅದೊಂದು ಕೊರಗು. ಅವರು ಕೊಟ್ಟದ್ದರಿಂದ ಬಂತು ಅಂತ ಅಲ್ಲ. ಕೇಳಬೇಕಾದದ್ದನ್ನು ಕೇಳದೆ ಕಟ್ಟಿಕೊಟ್ಟೆನಲ್ಲ ಅಂತ.

ಹಾಗಾಗಿ ತಿಳಿದವರು ಹೇಳಿ. ಇವೆರಡು ಒಂದೇ ವಸ್ತುವಾ? ಯಾವುದು ಯಾರಿಗೆ? ಔಷಧಿ ಅಂತ ಕೇಳಿದವರಿಗೆ ನಾನು ಬಾಯಿಬಿಟ್ಟು ಎಂತ ಹೇಳಬೇಕು?

ಮಲ್ಪೆಯ ಮೊಮ್ಮಗ

ಔಷಧಿ ನನಗೆ ಗೊತ್ತಿಲ್ಲ ಮಾರಾಯ್ರೆ. ಆದರೆ ಒಗರು ನೀರಿನ ಕತೆ ಗೊತ್ತುಂಟು.

ನೈಲಾನ್ ಬರುವ ಮೊದಲು ಬಲೆ ಅಂದರೆ ಹತ್ತಿ ಮತ್ತು ಸೆಣಬಿನ ನೂಲು. ಉಪ್ಪುನೀರಲ್ಲಿ ನೆನೆದು, ಮೀನಿನ ಲೋಳೆ ಹತ್ತಿ, ಸರಿಯಾಗಿ ಒಣಗದೆ ಇದ್ದರೆ ಕೆಲವೇ ವಾರದಲ್ಲಿ ನೂಲು ಕೊಳೆತು ಕೈಗೆ ಬರುತ್ತದೆ. ಅದಕ್ಕೆ ನನ್ನ ಅಜ್ಜ ದೊಡ್ಡ ಹಂಡೆಯಲ್ಲಿ ಮರದ ತೊಗಟೆ ಕುದಿಸಿ ಆ ನೀರಲ್ಲಿ ಬಲೆ ಮುಳುಗಿಸುತ್ತಿದ್ದರು. ಕಾಚು ಸಿಕ್ಕಿದರೆ ಕಾಚು. ಅದು ದುಡ್ಡಿನ ಸಾಮಾನು, ತೊಗಟೆ ಪುಕ್ಕಟೆ. ಬಲೆ ಕೆಂಪು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬಿರುಸು ಬಿರುಸು. ರಂಪಣಿ ಅಂದರೆ ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ. ಅದಕ್ಕೆ ಒಂದು ಸರ್ತಿ ಒಗರು ಕುಡಿಸುವುದೆಂದರೆ ಇಡೀ ಕೇರಿಗೆ ಕೆಲಸ. ಆ ದಿನ ಮನೆಯಲ್ಲಿ ಎಲ್ಲರ ಕೈಯೂ ಅದೇ ಬಣ್ಣ, ಬೂತಾಯಿ ಸಾರು ಉಣ್ಣುವಾಗ ಕೈ ನೋಡಿದರೆ ಯಾರು ಯಾರಿಗೂ ಗುರುತು ಸಿಗದು ಅಂತ ಅಜ್ಜ ನಗುತ್ತಿದ್ದರು.

ಒಂದು ಕಷ್ಟ ಎಂದರೆ ಸಮುದ್ರದ ನೀರಿಗೆ ಒಗರು ಸ್ವಲ್ಪ ಸ್ವಲ್ಪವೇ ಬಿಟ್ಟು ಹೋಗುತ್ತದೆ. ಮತ್ತೆ ಮತ್ತೆ ಕುದಿಸಬೇಕು. ಬಿಟ್ಟು ಹೋಗದಿರಲಿ ಅಂತ ಆಮೇಲೆ ಮೈಲುತುತ್ತದ ನೀರಲ್ಲೂ ಅದ್ದುವ ಕ್ರಮ ಇತ್ತು. ತೋಟದವರು ಅಡಿಕೆಯ ಕೊಳೆರೋಗಕ್ಕೆ ಸುಣ್ಣ ಸೇರಿಸಿ ಹೊಡೆಯುವ ಅದೇ ಮೈಲುತುತ್ತ. ನೈಲಾನ್ ಬಂದ ಮೇಲೆ ಹಂಡೆಗೆ ಕೆಲಸ ಇಲ್ಲ. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಲ್ಲಿ ಸುತ್ತುವರಿಯುವ ಪರ್ಸೀನ್ ಬೋಟು ಬಂದ ಮೇಲೆ ರಂಪಣಿಗೂ ಕೆಲಸ ಇಲ್ಲ. ನಮ್ಮ ಹಂಡೆಯಲ್ಲಿ ಈಗ ಅತ್ತಿಗೆ ಮಲ್ಲಿಗೆ ಗಿಡ ನೆಟ್ಟಿದ್ದಾಳೆ.

ನಿಮ್ಮ ಅಜ್ಜನ ಲೆಕ್ಕದ ಪುಸ್ತಕ ಇದ್ದರೆ ನೋಡಿ. ಮಲ್ಪೆಗೆ ಹೋದ ಕಾಚಿನ ಲೆಕ್ಕ ಸಿಕ್ಕರೂ ಸಿಗಬಹುದು.

ತೊಗಟೆ ಟೀಚರ್

ನಾನು ಫಾರ್ಮಸಿ ಕಾಲೇಜಿನಲ್ಲಿ ಗಿಡಮೂಲಿಕೆಗಳ ಪಾಠ ಮಾಡುವವಳು. ಮೊದಲು ಒಂದು ಮಾತು. ನೀವು ಸಗಟಿನವರಿಗೆ ಬೈದದ್ದು ತಪ್ಪಾಯಿತು. ಕ್ಷಮೆ ಕೇಳಿ ಬಿಡಿ.

ಕಾಚು ಬರುವುದು ಕಗ್ಗಲಿ ಮರದಿಂದ, ಸಂಸ್ಕೃತದಲ್ಲಿ ಖದಿರ. ತೊಗಟೆ ಅಲ್ಲ, ಒಳಗಿನ ಕೆಂಪು ಚೇಗು. ಅದನ್ನು ಚಕ್ಕೆ ಮಾಡಿ, ನೀರಲ್ಲಿ ಕುದಿಸಿ, ಸೋಸಿ, ಮತ್ತೆ ಕುದಿಸಿ ಗಟ್ಟಿ ಮಾಡುತ್ತಾರೆ. ಆ ಗಟ್ಟಿ ರಸವನ್ನು ತಂಪಿನಲ್ಲಿ ಕೆಲವು ದಿನ ಬಿಟ್ಟರೆ ಒಂದು ಭಾಗ ಹರಳುಗಟ್ಟಿ ಬೇರೆಯಾಗುತ್ತದೆ. ಅದನ್ನು ಹಿಂಡಿ, ತುಂಡು ಮಾಡಿ, ನೆರಳಲ್ಲಿ ಒಣಗಿಸಿದರೆ ನಿಮ್ಮ ಬಿಳಿ ಕಾಚು. ಉತ್ತರದವರು ಕತ್ಥಾ ಅನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಟಿಚಿನ್ ಅನ್ನುವ ಪದಾರ್ಥ. ಉಳಿದ ರಸವನ್ನು ಇನ್ನೂ ಬತ್ತಿಸಿದರೆ ಕಪ್ಪು ಗಟ್ಟಿ. ಅದು ಕಚ್. ಅದರಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ಜಾಸ್ತಿ. ಅಂದರೆ ಒಂದೇ ಮರ, ಒಂದೇ ಹಂಡೆ, ಎರಡು ಸಾಮಾನು. ಬಿಳಿಯದು ಬಾಯಿಗೆ. ಕರಿಯದು ಬಟ್ಟೆ, ಚರ್ಮ, ಬಲೆ, ಹಡಗಿನ ಹಾಯಿಗೆ. ತೈಲಬಾವಿ ಕೊರೆಯುವಾಗ ಬಳಸುವ ಕೆಸರನ್ನು ಹದ ಮಾಡಲಿಕ್ಕೂ ಕಚ್ ಹಾಕುವುದುಂಟು.

ಈಗ ನಿಮ್ಮ ಗ್ಲಾಸಿಗೆ ಬರೋಣ. ಕ್ಯಾಟಿಚಿನ್ ತಣ್ಣೀರಲ್ಲಿ ಅಷ್ಟಾಗಿ ಕರಗುವುದಿಲ್ಲ, ಬಿಸಿನೀರಲ್ಲಿ ಕರಗುತ್ತದೆ. ತಣಿದರೆ ಮತ್ತೆ ಇಳಿಯುತ್ತದೆ. ನೀವು ಮಣ್ಣು ಅಂದುಕೊಂಡದ್ದು ಅದೇ ಇರಬಹುದು, ನೀವು ಜಾಸ್ತಿ ದುಡ್ಡು ಕೊಟ್ಟದ್ದೂ ಅದಕ್ಕೇ! ಮಣ್ಣು ಹೌದಾ ಅಲ್ಲವಾ ನೋಡಬೇಕಾದರೆ ಸ್ಟೀಲ್ ಪಾತ್ರೆಯಲ್ಲಿ ಜಾಸ್ತಿ ನೀರು ಹಾಕಿ ಕುದಿಸಿ. ಕುದಿಯುವಾಗಲೂ ತಳದಲ್ಲಿ ಗರಗರ ಉಳಿದರೆ ಅದು ಮಣ್ಣು. ಎರಡನ್ನೂ ಹೀಗೆ ಮಾಡಿ ನೋಡಿ, ಕರಿಯದನ್ನು ಸುಮ್ನೆ ನಂಬಬೇಡಿ.

ಬಾಣಲೆ ಕಪ್ಪಾದದ್ದು ಬಣ್ಣ ಹಾಕಿದ್ದರಿಂದ ಅಲ್ಲ. ಒಗರು ಪದಾರ್ಥಕ್ಕೆ ಕಬ್ಬಿಣ ಸೇರಿದರೆ ಕಪ್ಪಾಗುವುದೇ. ಕಾಚಿಗೆ ಹಸಿರು ಕಪ್ಪು, ನಿಮ್ಮ ಅಳಲೆಕಾಯಿಗೆ ನೀಲಿ ಕಪ್ಪು. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಉಪಾಯದಲ್ಲಿ. ಇದರಿಂದ ಇನ್ನೊಂದು ತಿಳಿಯುತ್ತದೆ. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ತಿನ್ನುವವರು ಅದೇ ಹೊತ್ತಿಗೆ ಕಾಚು, ಗಟ್ಟಿ ಚಹಾ ಸೇವಿಸಿದರೆ ಬಾಣಲೆಯಲ್ಲಿ ಆದದ್ದೇ ಹೊಟ್ಟೆಯಲ್ಲೂ ಆಗುತ್ತದೆ. ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಮೂರನೆಯ ಕಾಚೂ ಒಂದಿದೆ. ಗ್ಯಾಂಬಿಯರ್. ಇಂಡೋನೇಷ್ಯಾ, ಮಲೇಷ್ಯಾ ಕಡೆಯ ಒಂದು ಬಳ್ಳಿಯ ಎಲೆ, ಚಿಗುರು ಕುದಿಸಿ ಮಾಡುವುದು. ಅದರಲ್ಲೂ ಕ್ಯಾಟಿಚಿನ್ ಇರುವುದರಿಂದ ಬೀಡಾದ ಕಾಚಿಗೆ ಬೆರೆಯುತ್ತದೆ. ಕಣ್ಣಿಗೆ ಗೊತ್ತಾಗದು. ಲ್ಯಾಬಿನಲ್ಲಿ ಸುಲಭ. ಗ್ಯಾಂಬಿಯರ್ ಎಲೆಯಿಂದ ಆದದ್ದು, ಎಲೆಹಸಿರಿನ ಕುರುಹು ಅದರಲ್ಲಿ ಸಿಗುತ್ತದೆ. ಮರದ ಚೇಗಿನಲ್ಲಿ ಎಲ್ಲಿಂದ ಬರಬೇಕು?

ಔಷಧಿಯ ಮಾತು. ಟ್ಯಾನಿನ್ ಬಾಯಿಯ, ಕರುಳಿನ ಮೇಲ್ಪದರದ ಪ್ರೋಟೀನಿಗೆ ಅಂಟಿ ಅದನ್ನು ಬಿಗಿ ಮಾಡುತ್ತದೆ. ಒಗರು ತಿಂದರೆ ನಾಲಗೆ ಎಳೆದ ಹಾಗಾಗುವುದು ಅದಕ್ಕೇ. ಅದರಿಂದಲೇ ವಸಡಿಗೆ, ಭೇದಿಗೆ ಬಳಕೆ ಬಂದದ್ದು. ಬ್ರಿಟಿಷರ ಔಷಧಿ ಪಟ್ಟಿಯಲ್ಲೂ ದಾಲ್ಚಿನ್ನಿ ಸೇರಿಸಿದ ಕಾಚಿನ ಅರ್ಕ ಇತ್ತು. ಆಯುರ್ವೇದದಲ್ಲಿ ಚರಕ ಸಂಹಿತೆ ಚರ್ಮರೋಗಕ್ಕೆ ಖದಿರವನ್ನೇ ಮೊದಲ ಸ್ಥಾನದಲ್ಲಿ ಇಡುತ್ತದೆ. ನೀವು ಮಾರುವ ಖದಿರಾರಿಷ್ಟ, ಗಂಟಲಿನ ಖದಿರಾದಿ ವಟಿ ಇದೇ ಮರದ್ದು. ಆದರೆ ಗಿಡದ್ದು ಅಂದ ಕೂಡಲೇ ಎಷ್ಟು ತಿಂದರೂ ಆಯಿತು ಅಂತಲ್ಲ. ಶುದ್ಧ ಕ್ಯಾಟಿಚಿನ್ನನ್ನು ಯುರೋಪಿನಲ್ಲಿ ಲಿವರ್ ಕಾಯಿಲೆಗೆ ಮಾತ್ರೆ ಮಾಡಿ ಮಾರುತ್ತಿದ್ದರು. ಕೆಲವರಲ್ಲಿ ರಕ್ತಕಣ ಒಡೆಯತೊಡಗಿ 1985ರಲ್ಲಿ ವಾಪಸ್ ಪಡೆದರು.

ಪಾಠ ಉದ್ದವಾಯಿತು, ಇದೊಂದು ಹೇಳಿ ಮುಗಿಸುತ್ತೇನೆ. ಕ್ಯಾಟಿಚು ಅನ್ನುವ ಲ್ಯಾಟಿನ್ ಹೆಸರಿನ ಬೇರು ನಮ್ಮ ಕಡೆಯ ಕಾಚು ಶಬ್ದವೇ, ಮಲಯ ಭಾಷೆಯ ದಾರಿಯಾಗಿ ಹೋದದ್ದು. ಕ್ಯಾಟಿಚುವಿನಿಂದ ಕ್ಯಾಟಿಕಾಲ್ ಅನ್ನುವ ರಾಸಾಯನಿಕದ ಹೆಸರು, ಅದರಿಂದ ಕ್ಯಾಟಿಕೊಲಮೈನ್ ಅನ್ನುವ ಗುಂಪಿನ ಹೆಸರು. ಹೆದರಿದಾಗ ಎದೆ ಡವಡವ ಅನ್ನಿಸುವ ಅಡ್ರಿನಲಿನ್ ಇದೆಯಲ್ಲ, ಅದು ಆ ಗುಂಪಿನದು. ನಿಮ್ಮ ಡಬ್ಬಿಯ ಚೀಟಿ ಅಲ್ಲಿವರೆಗೆ ಹೋಗಿದೆ!

ಹಲ್ಲು ಡಾಕ್ಟ್ರು, ಕಂಕನಾಡಿ

ಚಿಕ್ಕದಾಗಿ ಹೇಳುತ್ತೇನೆ. ಹುಣ್ಣಿಗೆ ಕಾಚು ಕೇಳಿದವರಿಗೆ ಒಂದೇ ಪ್ರಶ್ನೆ ಹಾಕಿ: ಎಷ್ಟು ದಿನ ಆಯಿತು? ಎರಡು ವಾರ ದಾಟಿದ್ದರೆ ಕಟ್ಟಿಕೊಡಬೇಡಿ, ಹಲ್ಲಿನ ಡಾಕ್ಟರ ಹತ್ತಿರ ಕಳುಹಿಸಿ. ಖಾರ ತಿಂದರೆ ಉರಿ, ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ, ಕೆನ್ನೆ ಒಳಗೆ ಗಟ್ಟಿಯಾದ ಹಾಗಿದೆ ಅಂದರೆ ದಿನ ಎಣಿಸುವುದೂ ಬೇಡ. ಅದು ಅಡಿಕೆ ಜಗಿಯುವವರಿಗೆ ಬರುವ ತೊಂದರೆ. ಮುಂದೆ ಕ್ಯಾನ್ಸರಿಗೆ ತಿರುಗಬಹುದು.

ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ ಡಾಕ್ಟ್ರೇ ಅನ್ನುವವರು ನನ್ನಲ್ಲಿಗೆ ದಿನಾ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳಿದರೆ ಜನಕ್ಕೆ ಕೋಪ ಬರುತ್ತದೆ, ನನ್ನ ಮಾವನವರಿಗೇ ಬರುತ್ತದೆ, ಅವರದ್ದು ಮೂರು ಎಕರೆ ತೋಟ. ಆದರೂ ಹೇಳಬೇಕಲ್ಲ.

ಕಾಚು ಹಚ್ಚಿದರೆ ಉರಿ ಸ್ವಲ್ಪ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ತೊಂದರೆ ಅಲ್ಲೇ. ಆರಾಮ ಆಯಿತು ಅಂತ ಇನ್ನೊಂದು ತಿಂಗಳು ಕಳೆಯುತ್ತಾರೆ. ನಿಮ್ಮ ಅಪ್ಪ ಕೊರಗಿದ್ದು ಅರ್ಥವಾಗುತ್ತದೆ.

ಗ್ರಂಧಿಗೆ ಅಂಗಡಿ, ಉಡುಪಿ

ಟೀಚರ್, ನಿನ್ನೆ ಅಂಗಡಿ ಮುಚ್ಚಿದ ಮೇಲೆ ಸ್ಟೀಲ್ ಪಾತ್ರೆಯಲ್ಲೇ ಕುದಿಸಿದೆ. ನೀವು ಹೇಳಿದ ಹಾಗೇ ಆಯಿತು. ಬಿಳಿಯದು ಕುದಿ ಬರುವಷ್ಟರಲ್ಲಿ ಪೂರ್ತಿ ಕರಗಿ ಚಹಾದ ಹಾಗೆ ತಿಳಿಯಾಯಿತು. ಬೆಳಿಗ್ಗೆ ನೋಡಿದರೆ ತಳದಲ್ಲಿ ನುಣ್ಣಗೆ ಪುಡಿ ಇಳಿದಿತ್ತು.

ಕರಿಯದರ ಕತೆ ಕೇಳಿ. ತಣ್ಣೀರಲ್ಲಿ ಚೆಂದ ಬಣ್ಣ ಬಿಟ್ಟಿತಲ್ಲ, ಅದನ್ನೇ ನಂಬಿದ್ದೆ. ಬಣ್ಣ ಎಷ್ಟು ಗಾಢ ಇತ್ತೆಂದರೆ ತಳ ಕಾಣುತ್ತಲೇ ಇರಲಿಲ್ಲ. ಈ ಸಲ ಕುದಿಸಿ, ಹಳೇ ಬೈರಾಸಿನ ತುಂಡಿನಲ್ಲಿ ಸೋಸಿದೆ. ಬಟ್ಟೆಯಲ್ಲಿ ಉಳಿದದ್ದನ್ನು ಒಣಗಿಸಿ ತೂಗಿದೆ. ನೂರು ಗ್ರಾಮಿಗೆ ಹದಿನೇಳು ಗ್ರಾಂ! ಬೆರಳಲ್ಲಿ ತಿಕ್ಕಿದರೆ ಮರಳು, ಮಣ್ಣು, ಮರದ ಚೂರು. ಮೋಸ ಇದ್ದದ್ದು ನಾನು ಸರಿ ಉಂಟು ಅಂದುಕೊಂಡ ಡಬ್ಬಿಯಲ್ಲಿ. ಜಗಳ ಆಡಿದ್ದು ಸರಿ ಇದ್ದ ಡಬ್ಬಿಗೆ.

ಸಗಟಿನವರಿಗೆ ಫೋನ್ ಮಾಡಿ ಮೊದಲು ಬಿಳಿಯದಕ್ಕೆ ಕ್ಷಮೆ ಕೇಳಿದೆ. ಅವರು ಖುಷಿಯಾದರು. ಆಮೇಲೆ ಕರಿಯದರ ವಿಷಯ ತೆಗೆದೆ. ಖುಷಿ ಇಳಿಯಿತು. ವಾಪಸ್ ಕಳಿಸಿ, ನೋಡುವ ಅಂದಿದ್ದಾರೆ.

ಡಾಕ್ಟ್ರೇ, ನೀವು ಹೇಳಿದ ಪ್ರಶ್ನೆಯನ್ನು ರಟ್ಟಿನಲ್ಲಿ ಬರೆದು ತಕ್ಕಡಿಯ ಹಿಂದೆ ಅಂಟಿಸಿದೆ, ನನಗೆ ಕಾಣುವ ಹಾಗೆ. ಇವತ್ತು ಒಬ್ಬರು ಅಜ್ಜಿ ಬಂದರು. "ಎಷ್ಟು ದಿನ ಆಯ್ತು ಅಮ್ಮ?" ಅಂತ ಕೇಳಿದೆ. "ನಿನಗೆ ಎಂತಕ್ಕೆ, ಕಾಚು ಉಂಟಾ ಇಲ್ವಾ ಹೇಳು" ಅಂದರು. ಕೊನೆಗೆ ನೋಡಿದರೆ ಮೂರು ದಿನದ ಹುಣ್ಣು, ಬಿಸಿ ಗಂಜಿ ಉಂಡು ಸುಟ್ಟದ್ದು. ಕೊಟ್ಟೆ. ಬಿಳಿಯದು, ಚಿಟಿಕೆ ಹಚ್ಚಿ ಉಗಿಯಿರಿ ಅಂತ ಹೇಳಿ.

ಮೊಮ್ಮಗನವರೇ, ಅಜ್ಜನ ಲೆಕ್ಕದ ಪುಸ್ತಕ ಗೆದ್ದಲು ತಿಂದು ಅರ್ಧ ಉಂಟು. ಉಳಿದ ಅರ್ಧದಲ್ಲಿ ಹುಡುಕಿದೆ. ಒಂದು ಕಡೆ "ಕಾಚು 1 ಮೂಟೆ, ಬಲೆ" ಅಂತ ಉಂಟು. ಹೆಸರಿನ ಜಾಗವನ್ನೇ ಗೆದ್ದಲು ತಿಂದಿದೆ.

ಬಣ್ಣದ ಹಂಡೆ

ಐದು ಕಿಲೋ ಕೇಳಿದ ಹುಡುಗಿ ನಾನೇ ಅಣ್ಣ! ಹುಡುಗಿ ಅಂದದ್ದಕ್ಕೆ ಥ್ಯಾಂಕ್ಸ್, ನನ್ನ ಮಗ ಎಸ್ಸೆಸ್ಸೆಲ್ಸಿ.

ನೀವು ವಾಪಸ್ ಕಳಿಸಿದ್ದು ಒಳ್ಳೆಯದಾಯಿತು. ಮರಳು ಇದ್ದರೆ ನೂಲಿನಲ್ಲಿ ಕೂತು ಬಣ್ಣ ಮಚ್ಚೆ ಮಚ್ಚೆ ಬರುತ್ತದೆ. ಹತ್ತಿಗೆ ಬಣ್ಣ ಹಿಡಿಸುವುದು ಕಷ್ಟ. ಒಗರಿನ ಬಣ್ಣದ ಒಳ್ಳೆಯ ಗುಣ ಏನೆಂದರೆ ಟ್ಯಾನಿನ್ ತಾನೇ ನೂಲಿಗೆ ಕಚ್ಚಿಕೊಳ್ಳುತ್ತದೆ. ಪಟಿಕ ಹಾಕಿದರೆ ತಿಳಿ ಕಂದು. ಕಬ್ಬಿಣದ ನೀರು ಸ್ವಲ್ಪ ತೋರಿಸಿದರೂ ಸಾಕು, ಬೂದು ಕಂದು. ಜಾಸ್ತಿಯಾದರೆ ನಿಮ್ಮ ಬಾಣಲೆ! ಬಾಣಲೆಗೆ ಸಿಟ್ಟಾದ ನಿಮ್ಮ ಮನೆಯ ಅಕ್ಕನಿಗೆ ಹೇಳಿ, ಆ ಬಣ್ಣಕ್ಕೆ ನಾವು ದುಡ್ಡು ತಗೊಳ್ಳುತ್ತೇವೆ.

ನಿಜ ಹೇಳಬೇಕೆಂದರೆ ಈ ಥ್ರೆಡ್ ಓದಿದ ಮೇಲೆ ನನಗೆ ಕಾಚು ಬೇಡ ಅನ್ನಿಸಿದೆ. ಚೇಗು ಬೇಕಾದರೆ ಮರ ಕಡಿಯಬೇಕು. ಉತ್ತರದ ಕಾಡುಗಳಲ್ಲಿ ಕಗ್ಗಲಿಯ ಕಳ್ಳಸಾಗಣೆ ದೊಡ್ಡ ತಲೆನೋವು. ನಮ್ಮಲ್ಲಿ ಒಗರಿಗೆ ಏನು ಬರ? ಘಟ್ಟದ ಮೇಲೆ ಕೆಂಪಡಿಕೆ ಬೇಯಿಸಿದ ನೀರನ್ನು ಬತ್ತಿಸಿ ಚೊಗರು ಮಾಡುತ್ತಾರಲ್ಲ, ಅದು ಬಟ್ಟೆಗೆ ಬಹಳ ಚೆನ್ನಾಗಿ ಹಿಡಿಯುತ್ತದೆ. ಹೆಗ್ಗೋಡಿನ ಚರಕ ಸಂಸ್ಥೆಯವರು ಅಡಿಕೆ ಬಣ್ಣದ ಕೈಮಗ್ಗದ ಬಟ್ಟೆ ಮಾಡಿ ಹೆಸರಾದವರು. ಜಿಐ, ಅಂದರೆ ಊರಿನ ಹೆಸರಿನ ಸರಕಾರಿ ಗುರುತು, ಸಿಕ್ಕ ನಮ್ಮ ಉಡುಪಿ ಸೀರೆಗೂ ಈ ಬಣ್ಣ ಒಪ್ಪುತ್ತದೆ. ಕರಾವಳಿಯಲ್ಲಿ ನಾವು ಹಣ್ಣಡಿಕೆ ಒಣಗಿಸಿ ಚಾಲಿ ಮಾಡುವವರು, ಬೇಯಿಸುವ ಕ್ರಮ ಕಡಿಮೆ. ಹಾಗಾಗಿ ಚೊಗರು ಘಟ್ಟದಿಂದಲೇ ತರಿಸಬೇಕು.

ಇನ್ನೊಂದು ಮನೆ ಹತ್ತಿರದ್ದೇ ಉಂಟು. ನನ್ನ ಅಮ್ಮ ಮೂವತ್ತು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿದವರು. ಬೀಜದ ಮೇಲಿನ ತೆಳು ಕೆಂಪು ಸಿಪ್ಪೆ ತಿಂದರೆ ಬಾಯಿ ಒಗರು ಒಗರು ಆಗುತ್ತದಲ್ಲ? ಅದನ್ನು ಬೇರೆ ಚೀಲ ಕಟ್ಟಿ ಮಾರುತ್ತಾರೆ, ಚರ್ಮ ಹದ ಮಾಡಲಿಕ್ಕೂ ಹೋಗುತ್ತದೆ. ಅಮ್ಮನ ಬೆರಳ ತುದಿ ಯಾವಾಗಲೂ ಕಂದು. ಟೀಚರ್, ಅದರಲ್ಲೂ ಇದೇ ಪದಾರ್ಥವಾ?

ತೊಗಟೆ ಟೀಚರ್

ಹೌದು, ಅದೇ. ಗೇರುಬೀಜದ ಆ ಕೆಂಪು ಸಿಪ್ಪೆಯಲ್ಲೂ ಕ್ಯಾಟಿಚಿನ್, ಅದರ ಜೋಡಿ ಎಪಿಕ್ಯಾಟಿಚಿನ್ ಮತ್ತು ಟ್ಯಾನಿನ್ ಬೇಕಾದಷ್ಟಿದೆ. ನಿಮ್ಮ ಅಮ್ಮ ಮೂವತ್ತು ವರ್ಷ ಕಾಚಿನಲ್ಲೇ ಕೈ ಅದ್ದಿದ ಹಾಗಾಯಿತು. ಒಂದು ಹಿಡಿ ಸಿಪ್ಪೆ ಕುದಿಸಿ ಅದರ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿ ನೋಡಿ.

ಬಣ್ಣದ ಹಂಡೆ

ಹಾಕಿದೆ ಟೀಚರ್. ಹತ್ತು ನಿಮಿಷದಲ್ಲಿ ಕಪ್ಪು ಹಸಿರು. ಅಮ್ಮನನ್ನು ಕರೆದು ತೋರಿಸಿದೆ. "ಇದನ್ನು ನೋಡಲಿಕ್ಕೆ ಮೊಳೆ ಬೇಕಾ? ನನ್ನ ಪೀಶಕತ್ತಿ ಹೀಗೇ ಕಪ್ಪಾಗುತ್ತಿತ್ತು" ಅಂದರು. ಎರಡು ಚೀಲ ಸಿಪ್ಪೆಗೆ ಹೇಳಿ ಕಳಿಸಿದ್ದೇನೆ. ಅಣ್ಣ, ಐದು ಕಿಲೋದ ಆರ್ಡರ್ ಬಿಟ್ಟುಬಿಡಿ, ಬೇಜಾರು ಮಾಡ್ಬೇಡಿ.

ಗ್ರಂಧಿಗೆ ಅಂಗಡಿ, ಉಡುಪಿ

ಬೇಜಾರು ಎಂತದ್ದು. ಎರಡೂ ಡಬ್ಬಿಗೆ ಹೊಸ ಚೀಟಿ ಬರೆದೆ. ಒಂದು "ಬಿಳಿ ಕಾಚು, ತಿನ್ನುವುದು". ಇನ್ನೊಂದು "ಕರಿ ಕಾಚು, ಬಣ್ಣಕ್ಕೆ ಮಾತ್ರ", ಸದ್ಯಕ್ಕೆ ಖಾಲಿ. ಅಪ್ಪನ ಹಳೇ ಚೀಟಿ ಕೀಳಲಿಕ್ಕೆ ಮನಸ್ಸಾಗಲಿಲ್ಲ, ಅದರ ಕೆಳಗೇ ಅಂಟಿಸಿದ್ದೇನೆ.

ಪಟಿಕ ಬೇಕಾಗುತ್ತದಲ್ಲ ಅಕ್ಕ, ಎರಡು ಚೀಲ ಸಿಪ್ಪೆಗೆ? ನಮ್ಮಲ್ಲಿ ಉಂಟು. ಒಳ್ಳೆಯದು, ನೀರಲ್ಲಿ ಹಾಕಿ ನೋಡಿದ್ದೇನೆ.